ಪಶು ಆಸ್ಪತ್ರೆಯ ಸಿಬ್ಬಂದಿಗೆ ಭಾಷಾ ತರಬೇತಿ: ಬಳಸಿದ ಮೇಲಿನ ಅಭಿಪ್ರಾಯ

ಸಹೋದ್ಯೋಗಿಗಳಲ್ಲಾಗಲಿ, ಪ್ರಾಣಿಗಳನ್ನು ಕರೆತರುವವರಲ್ಲಾಗಲಿ ಯಾರಿಗೂ ತಾವು ಹೊರಗಿನವರೆನ್ನಿಸದಂತೆ ಮಾತನಾಡುವುದನ್ನೂ ಬರೆಯುವುದನ್ನೂ ಕಲಿಸುವ ಆನ್‌ಲೈನ್ ತರಬೇತಿಯೊಂದನ್ನು ನಮ್ಮ ಪಶು ಆಸ್ಪತ್ರೆ ಪಡೆದುಕೊಂಡಿತು. ಅದರಲ್ಲಿ ವಿಡಿಯೊ ಪಾಠಗಳಿವೆ, ಅಭ್ಯಾಸ ಪುಸ್ತಕವಿದೆ. ಜೊತೆಗೆ ನಾವು ಕಳುಹಿಸಿದ ಫಾರಂ ಮತ್ತು ಸೂಚನಾ ಫಲಕಗಳನ್ನು ಓದಿ ತಿದ್ದಿಕೊಡುವ ಸೇವೆಯೂ ಇದೆ. ಹಣಕ್ಕೆ ತಕ್ಕ ಬೆಲೆ ಸಿಕ್ಕಿದ್ದು ಮುಖ್ಯವಾಗಿ ಈ ಕೊನೆಯದರಿಂದ.

ಔಷಧ ಕೊಠಡಿಯಲ್ಲಿ, ಹಸುಗಳನ್ನು ಬೆದೆಗೆ ತರಲು ಕೊಡುವ ಪ್ರೊಸ್ಟಾಗ್ಲ್ಯಾಂಡಿನ್ ಚುಚ್ಚುಮದ್ದಿನ ಬಳಿ 'ಮಹಿಳಾ ಸಿಬ್ಬಂದಿ ಮುಟ್ಟಬಾರದು' ಎಂಬ ಫಲಕವಿತ್ತು. ಈ ಔಷಧ ಚರ್ಮದ ಮೂಲಕ ದೇಹವನ್ನು ಸೇರಬಲ್ಲದು. ಗರ್ಭಪಾತಕ್ಕೆ ಕಾರಣವಾಗಬಹುದಾದಂತೆಯೇ ಆಸ್ತಮಾ ಇರುವವರ ಶ್ವಾಸನಾಳವನ್ನೂ ಬಿಗಿಗೊಳಿಸಬಹುದು. ಹಳೆಯ ಫಲಕ ಎಲ್ಲ ಮಹಿಳೆಯರನ್ನೂ ಕೆಲಸದಿಂದ ದೂರವಿಟ್ಟು, ಆಸ್ತಮಾ ಇರುವ ಪುರುಷನಿಗೆ ಯಾವ ಎಚ್ಚರಿಕೆಯನ್ನೂ ಕೊಡುತ್ತಿರಲಿಲ್ಲ. ಗರ್ಭಿಣಿಯರು, ಗರ್ಭ ಧರಿಸುವ ವಯಸ್ಸಿನವರು, ಆಸ್ತಮಾ ಅಥವಾ ಬೇರೆ ಉಸಿರಾಟದ ತೊಂದರೆ ಇರುವವರು ವಿಶೇಷ ಎಚ್ಚರ ವಹಿಸಬೇಕು, ಎಲ್ಲರೂ ಕೈಗವಸು ಧರಿಸಬೇಕು ಎಂದು ಅವರು ತಿದ್ದಿಕೊಟ್ಟರು. ಸೌಜನ್ಯದ ಭಾಷೆ ಇಲ್ಲಿ ಸುರಕ್ಷತೆಯ ಭಾಷೆಯೂ ಆಗಿದೆ, ಮತ್ತು ಇಡೀ ತರಬೇತಿಯಲ್ಲಿ ನಾನು ಅತ್ಯಂತ ಮೆಚ್ಚಿದ್ದು ಇದನ್ನೇ.

ಕೇಸ್ ಶೀಟಿನ ವಿಷಯದಲ್ಲೂ ಹಾಗೆಯೇ. 'ಬಂಜೆ ಹಸು' ಎಂದು ಬರೆದು ಗಟ್ಟಿಯಾಗಿ ಓದುವ ರೂಢಿ ಪಕ್ಕದಲ್ಲಿ ನಿಂತವರ ಮನಸ್ಸನ್ನು ನೋಯಿಸಬಹುದು. ಅದರ ಬದಲು ಎಷ್ಟು ಬಾರಿ ಗರ್ಭಧಾರಣೆ ಮಾಡಿಸಿಯೂ ಗರ್ಭ ಕಟ್ಟಲಿಲ್ಲ, ಬೆದೆ ಕ್ರಮವಾಗಿ ಬರುತ್ತಿದೆಯೇ ಎಂದು ಬರೆದರೆ ಚಿಕಿತ್ಸೆಗೂ ಅನುಕೂಲ.

ಮಹಿಳಾ ಪಶುವೈದ್ಯರ ಎದುರೇ 'ಡಾಕ್ಟರ್ ಯಾವಾಗ ಬರುತ್ತಾರೆ' ಎಂದು ಕೇಳುವವರಿಗೆ ಸ್ವಾಗತ ಕೌಂಟರಿನವರು ಏನು ಹೇಳಬೇಕೆಂಬ ಪಾಠವೂ ಚೆನ್ನಾಗಿದೆ: 'ಇವರೇ ನಮ್ಮ ಡಾಕ್ಟರ್' ಎಂದು ಹೆಸರು ಹೇಳಿ ಪರಿಚಯಿಸಿದರೆ ಸಾಕು. ಓದು ಮುಗಿಸಿ ಎರಡು ದಶಕ ವೃತ್ತಿ ನಡೆಸಿದ ಏಲೀನ್ ಕಸ್ಟ್ ಅವರಿಗೆ ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ವೆಟರ್ನರಿ ಸರ್ಜನ್ಸ್ ಮಾನ್ಯತೆ ಕೊಟ್ಟದ್ದು 1922ರಲ್ಲಿ, ಮತ್ತು ಆ ಮಾನ್ಯತೆ ಪಡೆದ ಮೊದಲ ಮಹಿಳೆ ಅವರೇ ಎಂಬುದನ್ನು ನೆನೆದರೆ, ಈ ಪ್ರಶ್ನೆಯ ಬೇರು ಎಷ್ಟು ಆಳದ್ದೆಂಬುದು ತಿಳಿಯುತ್ತದೆ. ಆದರೆ ಕಷ್ಟದ ಹೆರಿಗೆಗೆ ಗಂಡಸರೇ ಬೇಕೆಂಬ ಮಾತಿಗೆ ಉತ್ತರವನ್ನು ಪಾಠ ಮುಟ್ಟುವುದೇ ಇಲ್ಲ. ಕರುವಿನ ಭಂಗಿಯನ್ನು ಸರಿಪಡಿಸದೆ ಎಷ್ಟು ಬಲವಾಗಿ ಎಳೆದರೂ ಅಪಾಯವೇ ಎಂದು ಎರಡು ವಾಕ್ಯಗಳಲ್ಲಿ ವಿವರಿಸಬಹುದಿತ್ತು.

ದೊಡ್ಡ ಕೊರತೆ ಬೇರೊಂದಿದೆ. ಪಾಠಗಳೆಲ್ಲ ವೈದ್ಯರನ್ನೂ ಸ್ವಾಗತ ಕೌಂಟರಿನವರನ್ನೂ ಉದ್ದೇಶಿಸಿವೆ. ಪ್ರಾಣಿಗಳನ್ನು ಹಿಡಿದು ನಿಲ್ಲಿಸುವ, ಗೂಡುಗಳನ್ನು ತೊಳೆಯುವ, ರಾತ್ರಿ ಪಾಳಿಯಲ್ಲಿ ಕಾಯುವ ಸಹಾಯಕರು ಅವುಗಳಲ್ಲಿ ಕಾಣಿಸುವುದಿಲ್ಲ. ವಯಸ್ಸಿನಲ್ಲಿ ಹಿರಿಯರಾದರೂ ಏಕವಚನದಲ್ಲಿ ಕರೆಸಿಕೊಳ್ಳುವವರು ಹೆಚ್ಚಾಗಿ ಅವರೇ. ಇಮೇಲ್‌ನ ಸಂಬೋಧನೆಗೆ ಮೀಸಲಿಟ್ಟ ದೀರ್ಘ ಅಧ್ಯಾಯದ ಅರ್ಧವನ್ನಾದರೂ ಇದಕ್ಕೆ ಕೊಡಬೇಕಿತ್ತು. ವಿಡಿಯೊಗಳಿಗೆ ಅಡಿಬರಹವಿಲ್ಲದಿರುವುದರಿಂದ ಕಿವಿ ಮಂದವಾಗಿರುವ ಸಹೋದ್ಯೋಗಿಗಳಿಗೂ ಅವು ದಕ್ಕುವುದಿಲ್ಲ. ಇಂಥ ವಿಷಯದ ತರಬೇತಿಯಲ್ಲಿ ಇದನ್ನು ಒಪ್ಪಲಾಗದು.

ಫಾರಂ ಮತ್ತು ಫಲಕ ತಿದ್ದುವ ಸೇವೆಯನ್ನು ಯಾವ ಪಶು ಆಸ್ಪತ್ರೆಯಾದರೂ ಧೈರ್ಯವಾಗಿ ಪಡೆಯಬಹುದು. ವಿಡಿಯೊ ಪಾಠಗಳನ್ನು ಕೊಳ್ಳುವವರು ಅಡಿಬರಹವನ್ನೂ ಸಹಾಯಕರಿಗಾಗಿ ಪ್ರತ್ಯೇಕ ಪಾಠವನ್ನೂ ಮೊದಲೇ ಕೇಳಿ, ಒಪ್ಪಂದದಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು.