ಬ್ಲಾಗರ್ ಪುಕ್ಕಟೆ, ಲೈನ್ ಹೈಟ್ ಮಾತ್ರ ನೀವೇ ಹಾಕಿಕೊಳ್ಳಬೇಕು

ಉಡುಪಿಯ ರಥಬೀದಿಯಿಂದ ಸ್ವಲ್ಪ ಒಳಗೆ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ರಶೀದಿ ಪುಸ್ತಕ, ಯಕ್ಷಗಾನದ ಹ್ಯಾಂಡ್‌ಬಿಲ್ ಇವೇ ಕೆಲಸ. ಹಳೇ ಹ್ಯಾಂಡ್‌ಬಿಲ್‌ಗಳನ್ನು ಬಿಸಾಡಲಿಕ್ಕೆ ಮನಸ್ಸು ಬರುವುದಿಲ್ಲ. ಹಾಗಾಗಿ ಸ್ಕ್ಯಾನ್ ಮಾಡಿ, ಯಾವ ಮೇಳ, ಯಾವ ಪ್ರಸಂಗ, ಎಲ್ಲಿ ಆಟ ಅಂತ ನಾಲ್ಕು ಸಾಲು ಬರೆದು, ಪುಕ್ಕಟೆ ಬ್ಲಾಗ್ ಮಾಡಲಿಕ್ಕೆ ಬಿಡುವ ಗೂಗಲ್‌ನ ಬ್ಲಾಗರ್‌ನಲ್ಲಿ ಹಾಕುತ್ತಾ ಬಂದಿದ್ದೇನೆ. ಅಕ್ಷರ ಕೂರಿಸುವುದೇ ನನ್ನ ಹೊಟ್ಟೆಪಾಡು. ಅದೇ ಕಣ್ಣಿನಿಂದ ನೋಡಿ ಬರೆದ ವಿಮರ್ಶೆ ಇದು.

ಬ್ಲಾಗರ್ ಶುರುವಾದದ್ದು 1999ರಲ್ಲಿ, ಗೂಗಲ್ ಅದನ್ನು ಕೊಂಡದ್ದು 2003ರಲ್ಲಿ. ಈ ಕಾಲಕ್ಕೆ ಅದು ಹಳೇ ಮನೆಯೇ. ಪುಟದ ಅಲಂಕಾರಕ್ಕೆ ಈಗಿರುವ ಥೀಮ್‌ಗಳಲ್ಲಿ ಸ್ವಲ್ಪ ಹೊಸದು ಅನ್ನಬಹುದಾದ ಕಾಂಟೆಂಪೋ, ಸೋಹೊ, ಎಂಪೋರಿಯೋ, ನೋಟೇಬಲ್ ಬಂದದ್ದು 2017ರಲ್ಲಿ. ಅಂದ ನೋಡಿ ಆಯ್ಕೆ ಮಾಡುವವರಿಗೆ ಇಲ್ಲಿ ಜಾಸ್ತಿ ಏನೂ ಸಿಗುವುದಿಲ್ಲ. ಆದರೆ ದುಡ್ಡು ಕೊಡದೆ ಇಷ್ಟು ಒಳಗೆ ಕೈ ಹಾಕಲಿಕ್ಕೆ ಬಿಡುವ ಜಾಗ ಕಡಿಮೆ. ಥೀಮಿನ ಎಚ್‌ಟಿಎಮ್‌ಎಲ್ (ಪುಟ ಕಟ್ಟುವ ಕೋಡ್) ಪೂರ್ತಿ ತೆರೆದು ತಿದ್ದಬಹುದು. ಸ್ವಂತ ಡೊಮೈನ್ (ನಾವೇ ಕೊಂಡ ಜಾಲತಾಣದ ಹೆಸರು) ಸೇರಿಸಲಿಕ್ಕೂ ಬ್ಲಾಗರ್ ಏನೂ ತೆಗೆದುಕೊಳ್ಳುವುದಿಲ್ಲ. ವರ್ಡ್‌ಪ್ರೆಸ್ ಡಾಟ್ ಕಾಮ್‌ನ ಪುಕ್ಕಟೆ ಖಾತೆಯಲ್ಲಿ ಸ್ವಂತ ಡೊಮೈನ್ ಸೇರಿಸಲಿಕ್ಕೆ ಆಗುವುದಿಲ್ಲ, ಜೊತೆಗೆ ಅವರ ಜಾಹೀರಾತು ಬೇರೆ.

ಈಗ ಅಕ್ಷರದ ವಿಷಯ. ಈ ಥೀಮ್‌ಗಳ ಅಳತೆಯೆಲ್ಲ ಇಂಗ್ಲಿಷ್ ಅಕ್ಷರ ನೋಡಿ ಮಾಡಿದ್ದು. ಇಂಗ್ಲಿಷಿನಲ್ಲಿ ಸಾಲಿನ ಕೆಳಗೆ ಒತ್ತು ನೇತಾಡುವುದಿಲ್ಲ ಅಲ್ವಾ. ನಮ್ಮಲ್ಲಿ ಮೇಲಿನ ಸಾಲಿನಲ್ಲಿ 'ಸ್ತ್ರೀವೇಷ' ಇದ್ದು, ಅದರ ಸರಿಯಾಗಿ ಕೆಳಗೆ 'ಕೀಚಕ' ಬಂದರೆ ರ ಒತ್ತಿನ ಬಾಲ ಹೋಗಿ ಕೀಚಕನ ತಲೆ ಮೇಲೆ ಕೂರುತ್ತದೆ. ಪ್ರೆಸ್ಸಿನಲ್ಲಿ ಹಾಗೆ ಪ್ರೂಫ್ ಕೊಟ್ಟರೆ ಗಿರಾಕಿ ವಾಪಸ್ ಎಸೆಯುತ್ತಾರೆ. ಇಲ್ಲಿ ಪರಿಹಾರ ಸುಲಭ. ಥೀಮ್, ಕಸ್ಟಮೈಸ್, ಅಡ್ವಾನ್ಸ್ಡ್, ಅದರೊಳಗೆ 'ಆಡ್ ಸಿಎಸ್‌ಎಸ್' ಅಂತ, ಪುಟದ ರೂಪ ಹೇಳುವ ಸಾಲು ಬರೆಯಲಿಕ್ಕೆ, ಒಂದು ಖಾಲಿ ಪೆಟ್ಟಿಗೆ ಇದೆ. ಅಲ್ಲಿ ಬರಹದ ಲೈನ್ ಹೈಟ್ (ಒಂದು ಸಾಲಿಗೆ ಸಿಗುವ ಎತ್ತರ) 1.8 ಅಂತ ಒಂದು ಸಾಲು ಬರೆದರೆ ಮುಗಿಯಿತು. ಶೀರ್ಷಿಕೆಗೆ ಬೇರೆಯೇ ಒಂದು ಸಾಲು ಬೇಕು, 1.5 ಸಾಕು. ಶೀರ್ಷಿಕೆಯನ್ನು ಮರೆಯುವವರೇ ಜಾಸ್ತಿ. ಮೊಬೈಲಿನಲ್ಲಿ ಅದೇ ಎರಡು ಮೂರು ಸಾಲಾಗಿ ಮುರಿದು ಒಂದರ ಮೇಲೊಂದು ಬಿದ್ದುಕೊಂಡಿರುತ್ತದೆ.

ಫಾಂಟ್ ಬಗ್ಗೆ ನನ್ನ ಹಠ ಸ್ವಲ್ಪ ಜಾಸ್ತಿಯೇ. ಕಸ್ಟಮೈಸ್ ಪಟ್ಟಿಯಲ್ಲಿ ಕಾಣುವ ಚೆಂದದ ಹೆಸರುಗಳಲ್ಲಿ ಕನ್ನಡ ಅಕ್ಷರ ಇಲ್ಲದಿದ್ದರೆ, ಓದುವವರ ಯಂತ್ರದಲ್ಲಿ ಯಾವ ಕನ್ನಡ ಫಾಂಟ್ ಇದೆಯೋ ಅದೇ ಬರುತ್ತದೆ. ವಿಂಡೋಸ್‌ನಲ್ಲಿ ನಿರ್ಮಲಾ, ಹಳೇ ವಿಂಡೋಸ್‌ನಲ್ಲಿ ತುಂಗಾ, ಆಪಲ್‌ನಲ್ಲಿ ಹಳೇ ಯಂತ್ರವಾದರೆ ಕನ್ನಡ ಸಂಗಮ್, ಆಂಡ್ರಾಯ್ಡ್‌ನಲ್ಲಿ ಸಾಮಾನ್ಯವಾಗಿ ನೋಟೋ. ಒಂದೇ ಪುಟ ನಾಲ್ಕು ಕಡೆ ನಾಲ್ಕು ಥರ. ಇದು ಬೇಡ ಅಂತಾದರೆ ಗೂಗಲ್ ಫಾಂಟ್ಸ್‌ನಲ್ಲಿ ನೋಟೋ ಸೆರಿಫ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ, ಟೀರೋ ಕನ್ನಡ, ಬೆಣ್ಣೆ ಎಲ್ಲ ಪುಕ್ಕಟೆ ಇವೆ. ಅಲ್ಲಿ ಕೊಡುವ ಲಿಂಕನ್ನು ಥೀಮಿನ ಎಚ್‌ಟಿಎಮ್‌ಎಲ್‌ನಲ್ಲಿ ಹೆಡ್ ಭಾಗಕ್ಕೆ ಅಂಟಿಸಿ, ಹೆಸರನ್ನು ಸಿಎಸ್‌ಎಸ್‌ನಲ್ಲಿ ಹೇಳಬೇಕು. ನನ್ನದು ಮೈಬರಹಕ್ಕೆ ನೋಟೋ ಸೆರಿಫ್, ಶೀರ್ಷಿಕೆಗೆ ಬಾಲೂ. ಹ್ಯಾಂಡ್‌ಬಿಲ್‌ನ ದಪ್ಪ ಅಕ್ಷರದ ಹತ್ತಿರ ಬರುವುದು ಬಾಲೂ ಒಂದೇ. ಐದಾರು ಫಾಂಟ್ ಸೇರಿಸಬೇಡಿ ಮಾರಾಯ್ರೆ, ಪುಟ ತೆರೆಯುವ ಹೊತ್ತಿಗೆ ಓದುವವರು ಎದ್ದು ಹೋಗಿರುತ್ತಾರೆ.

ಜಸ್ಟಿಫೈ ಬಟನ್ ಒತ್ತಬೇಡಿ. ಕನ್ನಡದ ಪದ ಉದ್ದ, ಮೊಬೈಲಿನ ಸಾಲು ಗಿಡ್ಡ, ಪದ ಒಡೆಯುವವರು ಯಾರೂ ಇಲ್ಲ. ಮೂರು ಪದದ ನಡುವೆ ಬಸ್ಸು ಹೋಗುವಷ್ಟು ಜಾಗ ಬಿದ್ದಿರುತ್ತದೆ. ಇಟಾಲಿಕ್ಸ್ ಕೂಡ ಬೇಡ, ನಮ್ಮ ಅಕ್ಷರವನ್ನು ಸುಮ್ನೆ ಓರೆ ಮಾಡಿ ನಿಲ್ಲಿಸುತ್ತದೆ ಅಷ್ಟೇ.

ಇನ್ನೊಂದು ಮುಖ್ಯ ಸಂಗತಿ ಪರ್ಮಾಲಿಂಕ್, ಅಂದರೆ ಒಂದೊಂದು ಬರಹದ ವಿಳಾಸ. ಬ್ಲಾಗರ್‌ನ ವಿಳಾಸದಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಗೆರೆ, ಚುಕ್ಕಿ ಇಷ್ಟಕ್ಕೇ ಜಾಗ. ಶೀರ್ಷಿಕೆ ಪೂರ್ತಿ ಕನ್ನಡದಲ್ಲಿದ್ದರೆ ಅದು ಎಲ್ಲವನ್ನೂ ಬಿಟ್ಟು 'ಬ್ಲಾಗ್-ಪೋಸ್ಟ್' ಅಂತ ಒಂದು ಹೆಸರು ಕೊಟ್ಟುಬಿಡುತ್ತದೆ, ಮುಂದಿನದಕ್ಕೆ ಅದೇ ಹೆಸರಿಗೆ ಒಂದು ನಂಬರು. ಕನ್ನಡದ ಎಷ್ಟೋ ಬ್ಲಾಗುಗಳ ವಿಳಾಸ ನೋಡಿ, ಎಲ್ಲವೂ ಒಂದೇ ಮನೆಯ ಮಕ್ಕಳ ಹಾಗೆ ಇರುತ್ತವೆ. ಬಲಗಡೆ ಪಟ್ಟಿಯಲ್ಲಿ ಪರ್ಮಾಲಿಂಕ್ ತೆರೆದು 'ಕಸ್ಟಮ್' ಆರಿಸಿ, ಪ್ರಸಂಗದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಕೊಡಬೇಕು. ಇದನ್ನು ಪಬ್ಲಿಶ್ ಒತ್ತುವ ಮೊದಲೇ ಮಾಡಬೇಕು, ಆಮೇಲೆ ಆ ಜಾಗಕ್ಕೆ ಬೀಗ.

ಇದನ್ನು ದೋಷ ಅಂತ ಬೈಯುವವರಿದ್ದಾರೆ. ನಾನು ಬೈಯುವುದಿಲ್ಲ. ಕನ್ನಡದಲ್ಲೇ ವಿಳಾಸ ಇಟ್ಟುಕೊಳ್ಳುವ ಕಡೆ ಏನಾಗುತ್ತದೆ ಗೊತ್ತಾ? ಕಾಪಿ ಮಾಡಿ ವಾಟ್ಸಾಪಿಗೆ ಹಾಕಿದರೆ ಪರ್ಸೆಂಟ್ ಗುರುತು, ಅಂಕಿ, ಅಕ್ಷರ ಅಂತ ಮಾರುದ್ದ ಬರುತ್ತದೆ. ಕಂಪ್ಯೂಟರ್ ಲೆಕ್ಕದಲ್ಲಿ 'ಯಕ್ಷಗಾನ' ಅಂದರೆ ಯ, ಕ, ಒತ್ತು ಕೂಡಿಸುವ ಗುರುತು, ಷ, ಗ, ದೀರ್ಘ, ನ ಅಂತ 7 ತುಂಡು. ಒಂದೊಂದು ತುಂಡಿಗೆ 9 ಚಿಹ್ನೆ, ಒಟ್ಟು 63. ಒಂದು ಪದಕ್ಕೆ! ಅಷ್ಟುದ್ದದ ಲಿಂಕ್ ಕಂಡರೆ ನಮ್ಮ ಹಿರಿಯರು ವೈರಸ್ ಅಂತಲೇ ತಿಳಿಯುತ್ತಾರೆ.

ಲೇಬಲ್ (ಬರಹವನ್ನು ವಿಂಗಡಿಸುವ ಚೀಟಿ) ಮಾತ್ರ ಕನ್ನಡದಲ್ಲೇ ಕೊಡಬಹುದು, ನನಗೆ ಬ್ಲಾಗರ್‌ನಲ್ಲಿ ಅತಿ ಇಷ್ಟವಾದದ್ದು ಇದೇ. ತೆಂಕು, ಬಡಗು ಅನ್ನುವ ಯಕ್ಷಗಾನದ ಶೈಲಿ, ಮೇಳದ ಹೆಸರು, ಪ್ರಸಂಗ, ಊರು. ಲೇಔಟ್‌ನಲ್ಲಿ ಲೇಬಲ್ ಗ್ಯಾಜೆಟ್ ಸೇರಿಸಿ 'ಕ್ಲೌಡ್' ಬಿಟ್ಟು 'ಲಿಸ್ಟ್' ಆರಿಸಿದರೆ ಅಕಾರಾದಿಯಲ್ಲಿ ಪಟ್ಟಿ ನಿಲ್ಲುತ್ತದೆ. ಯಾರಾದರೂ ಅಂಗಡಿಗೆ ಬಂದು "ಭಟ್ರೆ, ನಮ್ಮ ಊರಿನ ಹಳೇ ಆಟದ್ದು ಏನಾದರೂ ಇದೆಯಾ?" ಅಂತ ಕೇಳಿದರೆ ಊರಿನ ಲೇಬಲ್ ಒತ್ತಿ ಫೋನನ್ನೇ ಕೈಗೆ ಕೊಡುತ್ತೇನೆ. ಒಂದು ಎಚ್ಚರಿಕೆ. 'ಮಂದಾರ್ತಿ' ಮತ್ತು 'ಮಂದರ್ತಿ' ಅಂತ ಎರಡು ಥರ ಬರೆದರೆ ಎರಡು ಲೇಬಲ್ ಆಗುತ್ತದೆ, ಕಾಗುಣಿತ ಒಂದೇ ಇರಲಿ.

ಚಿತ್ರದ ವಿಷಯದಲ್ಲಿ ದೂರಿಲ್ಲ. ಹ್ಯಾಂಡ್‌ಬಿಲ್ ಅಂದರೆ ಸಣ್ಣ ಅಕ್ಷರದ ಸಂತೆ, ಕಲಾವಿದರ ಹೆಸರೆಲ್ಲ ಅಡಿಯಲ್ಲಿ ಇರುವೆ ಸಾಲು. ಅಳತೆಯಲ್ಲಿ 'ಒರಿಜಿನಲ್ ಸೈಜ್' ಆರಿಸಿ. ಸೆಟ್ಟಿಂಗ್ಸ್‌ನಲ್ಲಿ ಇಮೇಜ್ ಲೈಟ್‌ಬಾಕ್ಸ್ ಚಾಲೂ ಇದ್ದರೆ ಒತ್ತಿದ ಕೂಡಲೇ ದೊಡ್ಡದಾಗಿ ತೆರೆಯುತ್ತದೆ.

ಬರೆಯುವ ಪೆಟ್ಟಿಗೆ ಸಾಧಾರಣ. ವರ್ಡ್‌ನಿಂದ ತಂದು ಅಂಟಿಸಿದರೆ ಅಲ್ಲಿಯ ಕಸವೆಲ್ಲ ಜೊತೆಗೆ ಬರುತ್ತದೆ, ನೀವು ಹಾಕಿದ ಲೈನ್ ಹೈಟ್ ಕೆಲಸ ಮಾಡುವುದಿಲ್ಲ. ಕಂಟ್ರೋಲ್, ಶಿಫ್ಟ್, ವಿ ಮೂರನ್ನೂ ಒತ್ತಿ ಅಂಟಿಸಿ. ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದು ನೇರ ಬಂದರೆ ಬರೀ ಗಜಿಬಿಜಿ, ಅದನ್ನು ಮೊದಲು ಎಲ್ಲ ಯಂತ್ರಕ್ಕೂ ಅರ್ಥವಾಗುವ ಯೂನಿಕೋಡಿಗೆ ತಿರುಗಿಸಬೇಕು. ತಿರುಗಿಸಿದ ಮೇಲೆ ಅರ್ಕಾವತ್ತು ಇರುವ ಪದಗಳ ಮೇಲೆ ಒಮ್ಮೆ ಕಣ್ಣು ಹಾಯಿಸಿ, ತಪ್ಪು ಅಲ್ಲೇ ಜಾಸ್ತಿ.

ಸೆಟ್ಟಿಂಗ್ಸ್‌ನಲ್ಲಿ ಭಾಷೆ ಕನ್ನಡ ಆರಿಸಿ, ಟೈಮ್ ಝೋನ್ ಭಾರತದ್ದು ಹಾಕಿ. ಅದು ಕ್ಯಾಲಿಫೋರ್ನಿಯಾದ್ದೇ ಇದ್ದರೆ, ಬೆಳಿಗ್ಗೆ 6ಕ್ಕೆ ಅಂತ ಶೆಡ್ಯೂಲ್ ಮಾಡಿದ್ದು ಇಲ್ಲಿ ಸಂಜೆ ಆರೂವರೆಗೋ ಏಳೂವರೆಗೋ ಹೊರಬರುತ್ತದೆ. ಸಂಜೆಯ ಆಟದ ಸುದ್ದಿಯಾದರೆ ಆಗಲೇ ಚೌಕಿ ಪೂಜೆ (ಆಟಕ್ಕೆ ಮುಂಚೆ ಬಣ್ಣದ ಮನೆಯಲ್ಲಿ ಮಾಡುವ ಪೂಜೆ) ಆಗಿರುತ್ತದೆ.

ಡೊಮೈನ್ ಜೋಡಿಸುವುದು ತಾಳ್ಮೆಯ ಕೆಲಸ. ಬ್ಲಾಗರ್ ಎರಡು ಸಿ-ನೇಮ್ (ಡೊಮೈನ್ ಮಾರಿದವರ ಸೈಟಿನಲ್ಲಿ ತುಂಬಬೇಕಾದ ದಾಖಲೆ) ಕೊಡುತ್ತದೆ, ಮುಂದಿನ ಡಬ್ಲ್ಯು ಡಬ್ಲ್ಯು ಡಬ್ಲ್ಯು ಇಲ್ಲದೆಯೂ ತೆರೆಯಬೇಕಾದರೆ ನಾಲ್ಕು ಎ ರೆಕಾರ್ಡ್ ಬೇರೆ. ಕೊನೆಗೆ ಎಚ್‌ಟಿಟಿಪಿಎಸ್ ಚಾಲೂ ಮಾಡಬೇಕು, ಇಲ್ಲದಿದ್ದರೆ ಬ್ರೌಸರ್ 'ಸುರಕ್ಷಿತವಲ್ಲ' ಅಂತ ಹೆದರಿಸುತ್ತದೆ. ನನಗೆ ಡೊಮೈನ್ ಮಾರಿದವರು ಮೊದಲ ವರ್ಷ ಅಗ್ಗಕ್ಕೆ ಕೊಟ್ಟು, ಎರಡನೇ ವರ್ಷ ದುಪ್ಪಟ್ಟು ಬಿಲ್ ಕಳಿಸಿದರು. ಕೊಳ್ಳುವಾಗ ರಿನೀವಲ್ ದರ ಎಷ್ಟು ಅಂತ ಕೇಳಿಯೇ ಕೊಳ್ಳಿ. ಹಾಗೆಯೇ ಅಲ್ಲಿ ಇಲ್ಲಿ ಪುಕ್ಕಟೆ ಸಿಗುವ ಥೀಮ್‌ಗಳ ಅಡಿಯಲ್ಲಿ ಯಾರದ್ದೋ ಲಿಂಕ್ ಅಡಗಿಸಿಟ್ಟಿರುತ್ತಾರೆ. ಬ್ಲಾಗರ್‌ದೇ ಥೀಮ್ ತೆಗೆದುಕೊಂಡು ತಿದ್ದಿಕೊಳ್ಳುವುದು ಒಳ್ಳೆಯದು. ತಿದ್ದುವ ಮೊದಲು ಬ್ಯಾಕಪ್ ಇಳಿಸಿ ಇಟ್ಟುಕೊಳ್ಳಿ, ಆಯ್ತಾ.

ಇಲ್ಲದ್ದು ಏನು ಅಂದರೆ ಇಮೇಲ್ ಚಂದಾ. ಹೊಸ ಬರಹ ಓದುಗರ ಇಮೇಲಿಗೆ ಹೋಗುವ ವ್ಯವಸ್ಥೆ ಗೂಗಲ್‌ನದೇ ಸೇವೆಯಾದ ಫೀಡ್‌ಬರ್ನರ್ ಮೇಲೆ ನಿಂತಿತ್ತು, 2021ರಲ್ಲಿ ಗೂಗಲ್ ಆ ಇಮೇಲ್ ಕಳಿಸುವುದನ್ನು ನಿಲ್ಲಿಸಿತು. ಗೂಗಲ್ ರೀಡರ್ ಮುಚ್ಚಿದ್ದು 2013ರಲ್ಲಿ, ಗೂಗಲ್ ಪ್ಲಸ್ 2019ರಲ್ಲಿ. ಬ್ಲಾಗರಿಗೂ ಒಂದು ದಿನ ಹಾಗೇ ಆದರೆ ಅನ್ನುವ ಅಳುಕು ನನಗೂ ಇದೆ. ಅದಕ್ಕೆ ಬರಹದ ಬ್ಯಾಕಪ್ ಆಗಾಗ ಇಳಿಸುತ್ತೇನೆ, ಸ್ಕ್ಯಾನ್‌ಗಳ ಮೂಲ ಪ್ರತಿ ಅಂಗಡಿಯ ಹಾರ್ಡ್ ಡಿಸ್ಕಿನಲ್ಲೇ ಇದೆ.

ಕನ್ನಡದಲ್ಲಿ ಬರೆಯಲಿಕ್ಕೆ ಹೊರಟವರು ಧೈರ್ಯವಾಗಿ ಬ್ಲಾಗರ್ ತೆಗೆದುಕೊಳ್ಳಿ. ಅಂಗಡಿ ನಡೆಸಲಿಕ್ಕೆ ಮಾತ್ರ ಬೇಡ. ಸಂಪರ್ಕದ ಫಾರಂ ಒಂದು ಗ್ಯಾಜೆಟ್ ಆಗಿ ಸಿಗುತ್ತದೆ, ಹಣ ಕಟ್ಟುವ ವ್ಯವಸ್ಥೆ ಇಲ್ಲ. ನನ್ನ ಮದುವೆ ಕಾಗದದ ಆರ್ಡರ್‌ಗಳು ಈಗಲೂ ವಾಟ್ಸಾಪಿನಲ್ಲೇ ಬರುತ್ತವೆ, ಪ್ರೂಫ್ ಹೋಗುವುದೂ ಅಲ್ಲಿಗೇ.