ಜಿಎಸ್‌ಟಿ ಕೆಲಸ ಬೇರೆಯವರಿಗೆ ಕೊಡುವ ಸಣ್ಣ ವ್ಯಾಪಾರಿಗಳೇ, ಓಟಿಪಿ ಬರುವ ನಂಬರ್ ನಿಮ್ಮದೇ ಇರಲಿ

ಅಂಗಡಿ, ಬೇಕರಿ, ಹೊಲಿಗೆ ಯೂನಿಟ್, ಏನೇ ಇರಲಿ, ಸಣ್ಣದಾಗಿ ಸ್ವಂತ ವ್ಯಾಪಾರ ಮಾಡುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಿಮ್ಮ ಜಿಎಸ್‌ಟಿ ರಿಟರ್ನ್ (ಸರ್ಕಾರಕ್ಕೆ ಕೊಡುವ ಮಾರಾಟ, ತೆರಿಗೆಯ ಲೆಕ್ಕ) ಬೇರೆ ಯಾರಾದರೂ ಹಾಕುತ್ತಿದ್ದರೆ, ಆ ಖಾತೆಗೆ ಕೊಟ್ಟಿರುವ ಮೊಬೈಲ್ ನಂಬರ್ ಮತ್ತು ಇಮೇಲ್ ಯಾರದ್ದು ಅಂತ ಇವತ್ತೇ ನೋಡಿ. ನಿಮ್ಮದಲ್ಲದಿದ್ದರೆ ನಿಮ್ಮ ಅಂಗಡಿಯ ಬೀಗದ ಕೈ ಬೇರೆಯವರ ಜೇಬಿನಲ್ಲಿದೆ ಅಂತಲೇ ಅರ್ಥ.

ಈಗಲೇ ಬರೆಯಲು ಕಾರಣವಿದೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತ್ತಲ್ಲ, ಬೆಂಗಳೂರಿನಲ್ಲಿ ಎಷ್ಟೋ ಅಂಗಡಿಯವರು ಕ್ಯೂಆರ್ ಕೋಡ್ ಕಿತ್ತು ಹಾಕಿ ಕ್ಯಾಶ್ ಮಾತ್ರ ಅಂತ ಬೋರ್ಡ್ ಹಾಕಿದ್ದರಲ್ಲ, ಆಮೇಲೆ ಎಲ್ಲರಿಗೂ ಒಂದು ಭಯ ಹುಟ್ಟಿದೆ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ವಹಿವಾಟು ದಾಟಿದರೆ ನೋಂದಣಿ ಮಾಡಿಸಲೇಬೇಕು. ಹಾಗಾಗಿ ಗೊತ್ತಿರುವವರು, ಗೊತ್ತಿಲ್ಲದವರು ಎಲ್ಲರೂ ಯಾರಾದರೂ ಕಡಿಮೆಗೆ ಮಾಡಿಕೊಡುವವರು ಸಿಗ್ತಾರಾ ಅಂತ ಹುಡುಕುತ್ತಿದ್ದಾರೆ. ಅಂಥವರು ಸಿಕ್ಕೇ ಸಿಗುತ್ತಾರೆ. ನನಗೂ ಸಿಕ್ಕಿದ್ದ.

ನಾನು ದಾವಣಗೆರೆಯಲ್ಲಿ ಹೊಲಿಗೆ ಯೂನಿಟ್ ನಡೆಸುತ್ತೇನೆ. ಶಾಲಾ ಯೂನಿಫಾರ್ಮ್ ನಮ್ಮ ಮುಖ್ಯ ಕೆಲಸ, ಉಳಿದ ತಿಂಗಳಲ್ಲಿ ನೈಟಿ, ಪೆಟಿಕೋಟ್ ಹೊಲಿದು ಅಂಗಡಿಗಳಿಗೆ ಕೊಡುತ್ತೇವೆ. ಏಪ್ರಿಲ್‌ನಿಂದ ಜೂನ್ ತನಕ ಪುರುಸೊತ್ತು ಅನ್ನುವುದೇ ಇರುವುದಿಲ್ಲ. ಮಕ್ಕಳ ಅಳತೆ, ಬಟ್ಟೆ ತರಿಸುವುದು, ಕಟಿಂಗ್, ಕಾಜಾ ಗುಂಡಿ, ಇಸ್ತ್ರಿ, ಪ್ಯಾಕಿಂಗ್, ಜೊತೆಗೆ ಶಾಲೆಯವರ ಫೋನು ಬೇರೆ. ಎಲ್ಲ ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಕಾಜಾ ಗುಂಡಿ ಕೆಲಸವನ್ನು ಮನೆಯಲ್ಲೇ ಕೂತು ಮಾಡುವ ಹೆಣ್ಣುಮಕ್ಕಳಿಗೆ ಪೀಸ್ ಲೆಕ್ಕದಲ್ಲಿ ಕೊಟ್ಟೆ, ಚೆನ್ನಾಗಿ ನಡೆಯಿತು, ಈಗಲೂ ಅವರೇ ಮಾಡುತ್ತಾರೆ. ಮಾಲು ತಲುಪಿಸುವುದನ್ನು ಲಗೇಜ್ ಆಟೋದ ಒಬ್ಬರಿಗೆ ಒಪ್ಪಿಸಿದೆ, ಅದೂ ಸರಿಹೋಯಿತು. ಉಳಿದದ್ದು ಲೆಕ್ಕಪತ್ರ. ಆಡಿಟರ್ ಆಫೀಸಿನಲ್ಲಿ ತಿಂಗಳಿಗೆ 2000 ರೂಪಾಯಿ ಕೇಳಿದರು. ಅಷ್ಟರಲ್ಲಿ ಪರಿಚಯದವರೊಬ್ಬರು ಒಬ್ಬನನ್ನು ಕಳಿಸಿದರು. ಮೊದಲು ಯಾವುದೋ ಆಡಿಟರ್ ಹತ್ತಿರ ಇದ್ದನಂತೆ, ಈಗ ಸ್ವಂತವಾಗಿ ಮಾಡ್ತೀನಿ ಅಂದ. ತಿಂಗಳಿಗೆ 600.

ಮಾತು ಬಹಳ ಮೆತ್ತಗೆ. "ಅಕ್ಕಾ, ನೀವು ಹೊಲಿಗೆ ಕಡೆ ಗಮನ ಕೊಡ್ರಿ, ಈ ಓಟಿಪಿ ಗೀಟಿಪಿ ತಲೆನೋವು ನಿಮಗ್ಯಾಕೆ, ನನ್ನ ನಂಬರೇ ಹಾಕಿರ್ತೀನಿ" ಅಂದ. ನೋಂದಣಿ ಅರ್ಜಿಯಲ್ಲಿ ಮಾಲೀಕರ ಮೊಬೈಲ್, ಇಮೇಲ್ ಅಂತ ಇರುವ ಜಾಗದಲ್ಲಿ ಅವನದ್ದೇ ಎರಡೂ ಹೋದವು. ನೋಂದಣಿಗೆ ಸರ್ಕಾರಿ ಫೀಸು ಅಂತ 2500 ತೆಗೆದುಕೊಂಡ. ತಿಳಿದುಕೊಳ್ಳಿ, ಜಿಎಸ್‌ಟಿ ನೋಂದಣಿಗೆ ಸರ್ಕಾರ ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವುದಿಲ್ಲ. ಅರ್ಜಿ ತುಂಬಿಕೊಟ್ಟವರು ತಮ್ಮ ಶ್ರಮಕ್ಕೆ ಇಷ್ಟು ಅಂತ ಕೇಳಬಹುದು, ಅದು ನ್ಯಾಯ. ಸರ್ಕಾರದ ಹೆಸರು ಹೇಳಿ ಕೇಳಿದರೆ ಅಲ್ಲೇ ಅನುಮಾನ ಪಡಿ.

ಅವನು ಮಾಡಿದ ರೀತಿಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಇದೇ ರೀತಿ ಬೇರೆ ಊರುಗಳಲ್ಲೂ ನಡೆಯುತ್ತಿದೆ ಅಂತ ಆಮೇಲೆ ಗೊತ್ತಾಯಿತು. ಪ್ರತಿ ತಿಂಗಳು ನಾನು ಬಿಲ್ಲುಗಳ ಫೋಟೋ ಕಳಿಸುತ್ತಿದ್ದೆ. ಅವನು ಲೆಕ್ಕ ಹಾಕಿ ಈ ತಿಂಗಳು ಇಷ್ಟು ಕಟ್ಟಬೇಕು ಅಂತ ಹೇಳಿ ಒಂದು ಚಲನ್ ಪಿಡಿಎಫ್ ಕಳಿಸುತ್ತಿದ್ದ. ಅದರಲ್ಲಿ ನಮ್ಮ ಯೂನಿಟ್ ಹೆಸರು, ಜಿಎಸ್‌ಟಿ ನಂಬರ್, ಮೊತ್ತ ಎಲ್ಲ ಸರಿಯಾಗಿ ಇರುತ್ತಿತ್ತು. ನಾನು ಹಣವನ್ನು ಅವನ ಖಾತೆಗೆ ಯುಪಿಐ ಮಾಡುತ್ತಿದ್ದೆ, ಅವನು ಪೋರ್ಟಲ್‌ನಲ್ಲಿ, ಅಂದರೆ ಸರ್ಕಾರದ ಜಿಎಸ್‌ಟಿ ವೆಬ್‌ಸೈಟ್‌ನಲ್ಲಿ, ಕಟ್ಟುತ್ತಾನೆ ಅಂತ. ಆ ಚಲನ್ ನಕಲಿ ಅಲ್ಲ. ಪೋರ್ಟಲ್‌ನಲ್ಲೇ ತಯಾರಾದ ಅಸಲಿ ಕಾಗದ. ಆದರೆ ಚಲನ್ ತಯಾರಿಸುವುದು ಬೇರೆ, ಹಣ ಕಟ್ಟುವುದು ಬೇರೆ. ಚಲನ್ ತಯಾರಾದಾಗ ಸಿಪಿಐಎನ್ ಅನ್ನುವ 14 ಅಂಕಿಯ ನಂಬರ್ ಬರುತ್ತದೆ ಅಷ್ಟೇ. ಹಣ ನಿಜವಾಗಿ ಸಂದಾಯ ಆದ ಮೇಲೆ ಸಿಐಎನ್ ಅಂತ ಇನ್ನೊಂದು ನಂಬರ್ ಬರುತ್ತದೆ. ಸಿಐಎನ್ ಇಲ್ಲದ ಚಲನ್ 15 ದಿನ ಆದ ಮೇಲೆ ಸುಮ್ಮನೆ ಸತ್ತುಹೋಗುತ್ತದೆ. ನನಗೆ ಬರುತ್ತಿದ್ದದ್ದು ಬರೀ ಸಿಪಿಐಎನ್ ಇದ್ದವು.

ಮೊದಲ ಕೆಲವು ತಿಂಗಳು ಸರಿಯಾಗಿಯೇ ಕಟ್ಟಿದ್ದ. ಆಮೇಲೆ ಎರಡು ತಿಂಗಳು ವ್ಯಾಪಾರವೇ ಆಗಿಲ್ಲ ಅಂತ ನಿಲ್ ರಿಟರ್ನ್ ಹಾಕಿದ. ಅಕ್ಟೋಬರ್‌ನಿಂದ ಏನೂ ಹಾಕಲೇ ಇಲ್ಲ. ಹಣ ಮಾತ್ರ ತಿಂಗಳು ತಿಂಗಳು ತಪ್ಪದೆ ತೆಗೆದುಕೊಂಡ.

ಇಲಾಖೆಯವರು ಎಚ್ಚರಿಕೆ ಕೊಡಲಿಲ್ಲ ಅಂತಲ್ಲ. ರಿಟರ್ನ್ ಬಾಕಿ ಇದೆ ಅಂತ ಮೆಸೇಜು, ಇಮೇಲು, ನೋಟಿಸು ಎಲ್ಲ ಹೋಗಿವೆ. ಎಲ್ಲವೂ ಅವನಿಗೇ ಹೋಗಿವೆ. ಶಾಲೆಗಳಿಗೆ ನಮ್ಮ ಬಿಲ್ಲಿನ ಇನ್‌ಪುಟ್, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ತಾವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವ ಅನುಕೂಲ, ಬೇಕಾಗಿಲ್ಲ, ಅವರಿಗೂ ಗೊತ್ತಾಗಲಿಲ್ಲ. ಶಿವಮೊಗ್ಗದ ಒಬ್ಬ ಹೋಲ್‌ಸೇಲ್ ಅಂಗಡಿಯವರು ಮಾತ್ರ ಡಿಸೆಂಬರ್‌ನಲ್ಲಿ ಫೋನ್ ಮಾಡಿ "ಮೇಡಂ, ನಿಮ್ಮ ಬಿಲ್ 2ಬಿಯಲ್ಲಿ ಕಾಣ್ತಿಲ್ಲ, ಬರೋ ತನಕ ಟ್ಯಾಕ್ಸ್ ಹಣ ಹಿಡ್ಕೊಂಡಿರ್ತೀನಿ" ಅಂದರು. 2ಬಿ ಅಂದರೆ ಮಾಲು ಕೊಂಡವರಿಗೆ ಪೋರ್ಟಲ್‌ನಲ್ಲಿ ಕಾಣುವ, ಅವರ ಖರೀದಿ ಬಿಲ್ಲುಗಳ ಪಟ್ಟಿ. ಅವನನ್ನು ಕೇಳಿದರೆ ಪೋರ್ಟಲ್ ಸಮಸ್ಯೆ, ಮುಂದಿನ ತಿಂಗಳು ಬರುತ್ತದೆ ಅಂದ. ಕೊನೆಯ ದಿನಾಂಕದ ಹತ್ತಿರ ಪೋರ್ಟಲ್ ಸತಾಯಿಸುವುದು ವ್ಯಾಪಾರ ಮಾಡುವವರಿಗೆಲ್ಲ ಗೊತ್ತಿರುವ ವಿಷಯ, ಹಾಗಾಗಿ ಆ ಮಾತಿನಲ್ಲಿ ಸುಳ್ಳು ಕಾಣಲಿಲ್ಲ. ನಿಮ್ಮ ಹತ್ತಿರ ಮಾಲು ತೆಗೆದುಕೊಳ್ಳುವವರು 2ಬಿಯಲ್ಲಿ ಬಿಲ್ ಬಂದಿಲ್ಲ ಅಂತ ಒಂದು ಸಲ ಹೇಳಿದರೂ ಅವತ್ತೇ ಕೆದಕಿ. ನೀವು ಜಿಎಸ್‌ಟಿಆರ್-1, ಅಂದರೆ ಮಾರಾಟದ ಬಿಲ್ಲುಗಳ ವಿವರ ಕೊಡುವ ರಿಟರ್ನ್, ಹಾಕಿದ್ದರೆ ತಾನೇ ಅದು ಅವರ 2ಬಿಗೆ ಹೋಗುವುದು. ಹೋಗಿಲ್ಲ ಅಂದರೆ ಹೆಚ್ಚು ಕಮ್ಮಿ ರಿಟರ್ನೇ ಹೋಗಿಲ್ಲ.

ಗೊತ್ತಾಗಿದ್ದು ಮೇ ತಿಂಗಳಲ್ಲಿ, ಸೀಸನ್ ಜೋರಾಗಿ ನಡೆಯುತ್ತಿದ್ದಾಗ. ಹಾವೇರಿ ಕಡೆಯ ಒಂದು ಶಾಲೆಗೆ ಮಾಲು ಹೊರಡಬೇಕಿತ್ತು. 50,000 ರೂಪಾಯಿ ದಾಟಿದ ಮಾಲಿಗೆ ಇ-ವೇ ಬಿಲ್, ಅಂದರೆ ಮಾಲು ಸಾಗಿಸಲು ಆನ್‌ಲೈನ್‌ನಲ್ಲಿ ತೆಗೆಯುವ ದಾಖಲೆ, ಬೇಕು. ಉಳಿದ ತಿಂಗಳಲ್ಲಿ ನಮ್ಮದು ಸಣ್ಣ ಸಣ್ಣ ಪಾರ್ಸಲ್, ಅದರ ಅಗತ್ಯ ಬಿದ್ದಿರಲಿಲ್ಲ. ಅವತ್ತು ಎಷ್ಟು ಒದ್ದಾಡಿದರೂ ಬಿಲ್ ಬರಲಿಲ್ಲ. ಎರಡು ತಿಂಗಳು ಸತತವಾಗಿ 3ಬಿ, ಅಂದರೆ ಒಟ್ಟು ಮಾರಾಟ ತೋರಿಸಿ ತೆರಿಗೆ ಕಟ್ಟುವ ರಿಟರ್ನ್, ಹಾಕದಿದ್ದರೆ ಇ-ವೇ ಬಿಲ್ ಬ್ಲಾಕ್ ಆಗುತ್ತದೆ. ಟ್ರಾನ್ಸ್‌ಪೋರ್ಟ್ ಆಫೀಸಿನ ಹುಡುಗ ನಮ್ಮ ನಂಬರ್ ಹಾಕಿ ನೋಡಿ "ಅಕ್ಕಾ, ಸಸ್ಪೆಂಡೆಡ್ ಅಂತ ತೋರಿಸ್ತಿದೆ" ಅಂದ. ಆರು ತಿಂಗಳು ರಿಟರ್ನ್ ಇಲ್ಲದ್ದಕ್ಕೆ ನೋಂದಣಿ ರದ್ದು ಮಾಡುವ ನೋಟಿಸ್ ಬಂದು, ಖಾತೆ ಅಮಾನತಾಗಿತ್ತು. ಪಾಸ್‌ವರ್ಡ್ ಕೊಡು ಅಂತ ಅವನಿಗೆ ಫೋನ್ ಮಾಡಿದರೆ ಹಳೇ ಬಾಕಿ ಕ್ಲಿಯರ್ ಮಾಡಲು 15,000 ಬೇಕು ಅಂದ. ಮಾರನೇ ದಿನದಿಂದ ಫೋನ್ ಸ್ವಿಚ್ ಆಫ್.

ಇಲ್ಲಿ ನಿಮಗೆ ಬೇಕಾದ ಮಾಹಿತಿ ಇದೆ, ಗಮನಿಸಿ. ಮೊಬೈಲ್, ಇಮೇಲ್ ಬೇರೆಯವರ ಕೈಯಲ್ಲಿದ್ದರೂ ಖಾತೆ ವಾಪಸ್ ಪಡೆಯಬಹುದು. ಅವರ ಕಾಲು ಹಿಡಿಯುವ ಅಗತ್ಯವಿಲ್ಲ. ನಿಮ್ಮ ವ್ಯಾಪ್ತಿಯ ಜಿಎಸ್‌ಟಿ ಅಧಿಕಾರಿಯ ಹತ್ತಿರ ಹೋಗಿ, ನೀವೇ ಮಾಲೀಕರು ಅನ್ನುವುದಕ್ಕೆ ದಾಖಲೆ ಮತ್ತು ಒಂದು ಅರ್ಜಿ ಕೊಟ್ಟರೆ, ಅವರು ಪರಿಶೀಲಿಸಿ ಮೊಬೈಲ್, ಇಮೇಲ್ ಬದಲಾಯಿಸಿ ಹೊಸ ಪಾಸ್‌ವರ್ಡ್ ಬರುವಂತೆ ಮಾಡುತ್ತಾರೆ. ನಮಗೆ ಹಾಗೇ ಆಯಿತು. ಅಧಿಕಾರಿ ಒಳ್ಳೆಯವರು, ಸಮಾಧಾನದಿಂದ ಕೇಳಿಸಿಕೊಂಡರು. ಆದರೆ ತೆರಿಗೆ ವಿಷಯದಲ್ಲಿ ಅವರು ಏನೂ ಮಾಡುವ ಹಾಗಿರಲಿಲ್ಲ. ನೀವು ಹಣವನ್ನು ಯಾರಿಗೆ ಕೊಟ್ಟಿರಿ ಅನ್ನುವುದು ಕಾನೂನಿಗೆ ಬೇಕಾಗಿಲ್ಲ, ಸರ್ಕಾರಕ್ಕೆ ಬಂದಿದೆಯಾ ಇಲ್ಲವಾ ಅಷ್ಟೇ. ರಿಟರ್ನ್ ಯಾರೇ ಹಾಕಿದರೂ ಜವಾಬ್ದಾರಿ ನೋಂದಣಿ ಇರುವವರದ್ದು.

ಹೀಗಾಗಿ ಕಟ್ಟಿದ ತೆರಿಗೆಯನ್ನೇ ಇನ್ನೊಮ್ಮೆ ಕಟ್ಟಿದೆವು. ಅದರ ಮೇಲೆ ವರ್ಷಕ್ಕೆ 18% ಬಡ್ಡಿ. ತಡವಾದ ಪ್ರತಿ 3ಬಿಗೂ ದಿನಕ್ಕೆ 50 ರೂಪಾಯಿ ಲೇಟ್ ಫೀ, 1.5 ಕೋಟಿ ವಹಿವಾಟಿನ ಒಳಗಿನವರಿಗೆ ಒಂದು ರಿಟರ್ನ್‌ಗೆ 2000ದ ಮಿತಿ ಇದೆ, ಅದೊಂದು ಪುಣ್ಯ. ಹಿಂದಿನ ತಿಂಗಳದ್ದು ಹಾಕದೆ ಮುಂದಿನದ್ದು ಹಾಕಲು ಬರುವುದಿಲ್ಲ, ಹಾಗಾಗಿ ಒಂದೊಂದಾಗಿ ಅಕ್ಟೋಬರ್‌ನಿಂದ ಹಾಕುತ್ತಾ ಬಂದೆವು. ಅವನು ಸುಳ್ಳು ನಿಲ್ ಹಾಕಿದ ತಿಂಗಳುಗಳನ್ನು ತಿದ್ದುವ ಹಾಗಿಲ್ಲ, ಒಮ್ಮೆ ಹಾಕಿದ 3ಬಿ ಬದಲಾಗುವುದಿಲ್ಲ, ಅದನ್ನು ಡಿಆರ್‌ಸಿ-03 ಅನ್ನುವ ಫಾರ್ಮ್‌ನಲ್ಲಿ ಬಡ್ಡಿ ಸಮೇತ ಬೇರೆಯಾಗಿ ಕಟ್ಟಬೇಕಾಯಿತು. ಎಲ್ಲ ಹಾಕಿದ ಮೇಲೆ ಅಮಾನತು ತೆರವಾಯಿತು. ಅಷ್ಟರಲ್ಲಿ ಶಾಲೆ ಶುರುವಾಗಿ ಒಂದು ಶಾಲೆಯವರು ಉಳಿದ ಆರ್ಡರ್ ಬೇರೆ ಕಡೆ ಕೊಟ್ಟರು. ಅವರನ್ನು ದೂರುವುದಿಲ್ಲ, ಮಕ್ಕಳಿಗೆ ಬಟ್ಟೆ ಬೇಕಿತ್ತು. ನಮ್ಮ ಟೈಲರ್‌ಗಳ ವಾರದ ಬಟವಾಡೆ ನಿಲ್ಲಿಸಬಾರದು ಅಂತ ಬಂಗಾರ ಅಡವಿಟ್ಟೆ. ಆ ಸಿಟ್ಟು ಇನ್ನೂ ಇದೆ. ದೊಡ್ಡ ಕಂಪನಿಯ ಹಣ ಅಲ್ಲ ಅದು, ಮಿಷನ್ ತುಳಿದು ತುಳಿದು ಕಾಲು ನೋಯಿಸಿಕೊಂಡವರ ಹಣ.

ಪೊಲೀಸರಿಗೆ ದೂರು ಕೊಟ್ಟಿದ್ದೇನೆ. ಯುಪಿಐ ಸ್ಟೇಟ್‌ಮೆಂಟ್, ಅವನು ಕಳಿಸಿದ ಚಲನ್‌ಗಳು, ವಾಟ್ಸಾಪ್ ಮಾತುಕತೆ ಎಲ್ಲ ಪ್ರಿಂಟ್ ಹಾಕಿ ಕೊಟ್ಟೆ. ನೀವೂ ಇಂಥ ಸ್ಥಿತಿಯಲ್ಲಿದ್ದರೆ ಸಿಟ್ಟಿನಲ್ಲಿ ಚಾಟ್ ಡಿಲೀಟ್ ಮಾಡಬೇಡಿ. ಇನ್ನೊಂದು ಭಯವೂ ಇತ್ತು. ನನ್ನ ಪ್ಯಾನ್, ಆಧಾರ್, ಬಾಡಿಗೆ ಕರಾರು, ಕ್ಯಾನ್ಸಲ್ಡ್ ಚೆಕ್ ಎಲ್ಲದರ ನಕಲು ಅವನ ಹತ್ತಿರ ಇದೆ. ಇನ್ನೊಬ್ಬರ ದಾಖಲೆಯಲ್ಲಿ ಸುಳ್ಳು ನೋಂದಣಿ ಮಾಡಿಸಿ ಬೋಗಸ್ ಬಿಲ್ ಹರಿಸುವ ದಂಧೆ ದೇಶದಲ್ಲಿ ನಡೆದೇ ಇದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ಯಾನ್ ನಂಬರ್ ಹಾಕಿದರೆ ಆ ಪ್ಯಾನ್ ಮೇಲೆ ಎಷ್ಟು ನೋಂದಣಿ ಇವೆ ಅಂತ ತೋರಿಸುತ್ತದೆ. ಜಿಎಸ್‌ಟಿ ಇಲ್ಲದವರೂ ನೋಡಬಹುದು. ನೋಡಿ.

ಹಾಗೆಯೇ ನಿಮ್ಮ ರಿಟರ್ನ್ ಹೋಗಿದೆಯಾ ಅಂತ ನೋಡಲು ಪಾಸ್‌ವರ್ಡ್ ಬೇಕಾಗಿಯೇ ಇಲ್ಲ! ಇದು ಯಾರೂ ಹೇಳುವುದಿಲ್ಲ. ಪೋರ್ಟಲ್‌ನಲ್ಲಿ ಸರ್ಚ್ ಟ್ಯಾಕ್ಸ್‌ಪೇಯರ್ ಅಂತ ಇದೆ, ಅಲ್ಲಿ ನಿಮ್ಮ 15 ಅಕ್ಷರದ ನಂಬರ್ ಹಾಕಿ. ನಮ್ಮ ರಾಜ್ಯದ್ದು 29ರಿಂದ ಶುರುವಾಗುತ್ತದೆ. ಕೆಳಗೆ ಫೈಲಿಂಗ್ ಟೇಬಲ್ ಒತ್ತಿದರೆ ಯಾವ ತಿಂಗಳದ್ದು ಯಾವ ತಾರೀಕಿಗೆ ಹಾಕಿದೆ ಅಂತ ಬರುತ್ತದೆ. ತಿಂಗಳ ಲೆಕ್ಕದವರಿಗೆ ಜಿಎಸ್‌ಟಿಆರ್-1ಕ್ಕೆ ಮುಂದಿನ ತಿಂಗಳ 11, 3ಬಿಗೆ 20 ಕೊನೆಯ ದಿನ, ಅದಾದ ಮೇಲೆ ಒಮ್ಮೆ ನೋಡಿದರೆ ಸಾಕು. ಆದರೆ ಇಷ್ಟಕ್ಕೇ ನೆಮ್ಮದಿ ಬೇಡ. ನಿಲ್ ಹಾಕಿದ್ದರೂ ಅಲ್ಲಿ ಫೈಲ್ಡ್ ಅಂತಲೇ ತೋರಿಸುತ್ತದೆ. ಲಾಗಿನ್ ಆಗಿ 3ಬಿ ಡೌನ್‌ಲೋಡ್ ಮಾಡಿ ನಿಮ್ಮ ಮಾರಾಟದ ಮೊತ್ತ ಅದರಲ್ಲಿದೆಯಾ ನೋಡಿಕೊಳ್ಳಿ. ತೆರಿಗೆ ಹಣವನ್ನು ಯಾರ ಕೈಗೂ ಕೊಡಬೇಡಿ. ಚಲನ್ ಅವರೇ ತಯಾರಿಸಲಿ, ಹಣ ನಿಮ್ಮ ಬ್ಯಾಂಕ್ ಖಾತೆಯಿಂದ ನೇರವಾಗಿ ಹೋಗಲಿ.

ಕಡಿಮೆ ಖರ್ಚಿನ ಸಹಾಯ ತೆಗೆದುಕೊಳ್ಳಲೇಬೇಡಿ ಅಂತ ನಾನು ಹೇಳುವುದಿಲ್ಲ, ನಾವು ಬದುಕುವುದೇ ಅದರಿಂದ. ಈಗ ಬಿಕಾಂ ಓದುತ್ತಿರುವ ಒಬ್ಬ ಹುಡುಗಿ ಸಂಜೆ ಬಂದು ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಬಿಲ್ ಎಂಟ್ರಿ ಮಾಡುತ್ತಾಳೆ. ರಿಟರ್ನ್ ಹಾಕಲು ನೋಂದಾಯಿತ ಜಿಎಸ್‌ಟಿ ಪ್ರಾಕ್ಟೀಷನರ್ ಒಬ್ಬರಿದ್ದಾರೆ. ಅವರ ಹೆಸರು ಪೋರ್ಟಲ್‌ನ ಪಟ್ಟಿಯಲ್ಲಿದೆಯಾ ಅಂತ ಹುಡುಕಿ ನೋಡಿಯೇ ಒಪ್ಪಿಕೊಂಡೆ. ಅವರನ್ನು ಪೋರ್ಟಲ್‌ನಲ್ಲೇ ನೇಮಿಸಬಹುದು, ಬೇಡವಾದರೆ ತೆಗೆಯಬಹುದು, ಅವರು ಅವರ ಲಾಗಿನ್‌ನಿಂದ ಕೆಲಸ ಮಾಡುತ್ತಾರೆ. ಪಕ್ಕದ ಎಂಬ್ರಾಯ್ಡರಿಯವರು, ಎದುರಿನ ಬ್ಯಾಗ್ ಹೊಲಿಯುವವರು, ನಾವು, ಮೂವರೂ ಒಟ್ಟಿಗೆ ಹೋಗಿ ಕೇಳಿದ್ದಕ್ಕೆ ಫೀಸಿನಲ್ಲಿ ಇಳಿಸಿಕೊಂಡರು. ಓಟಿಪಿ ನನ್ನ ಫೋನಿಗೆ ಬರುತ್ತದೆ. ಎಷ್ಟು ಮಾರಾಟ, ಎಷ್ಟು ತೆರಿಗೆ ಅಂತ ಅವರು ಹೇಳಿದ ಮೇಲೆ, ನನ್ನ ಪುಸ್ತಕಕ್ಕೆ ತಾಳೆ ನೋಡಿ, ಆಮೇಲೆ ನಾನು ಓಟಿಪಿ ಹೇಳುತ್ತೇನೆ. ಸೀಸನ್‌ನಲ್ಲೂ ಇದಕ್ಕೆ ಸಮಯ ಸಿಗುತ್ತದೆ, ಹೆಚ್ಚು ಹೊತ್ತೇನೂ ಹಿಡಿಯುವುದಿಲ್ಲ.

ನಿಮ್ಮ ಜಿಎಸ್‌ಟಿ ಖಾತೆಯೂ ಬೇರೆಯವರ ಮೊಬೈಲ್ ನಂಬರಿಗೆ ಸಿಕ್ಕಿಕೊಂಡಿದ್ದರೆ, ಅವರು ಈಗ ಒಳ್ಳೆಯವರಾಗಿಯೇ ಇದ್ದರೂ, ಸಂಬಂಧ ಚೆನ್ನಾಗಿರುವಾಗಲೇ ಬದಲಾಯಿಸಿಕೊಳ್ಳಿ. ಅಧಿಕಾರಿಗೆ ಕೊಟ್ಟ ಅರ್ಜಿಯ ನಕಲು ನನ್ನ ಹತ್ತಿರ ಕನ್ನಡದಲ್ಲೇ ಇದೆ. ಬೇಕಾದವರು ಕೇಳಿ, ಹೆಸರು, ನಂಬರ್ ಅಳಿಸಿ ಕಳಿಸುತ್ತೇನೆ.