ರೈಲು ಈಗ ಬರುತ್ತದಾ? ವೇಳಾಪಟ್ಟಿ, ಆ್ಯಪ್, ಗೇಟು ಮತ್ತು ಸಿಗ್ನಲ್

ರೈಲು ಹತ್ತುವವರಿಗೆ ಸ್ಟೇಷನ್ನಿನ ಟೈಮ್ ಸಾಕು. ರೈಲು ನೋಡುವ ಹುಚ್ಚಿರುವವರಿಗೆ ಸಾಲದು. ನಾವು ನಿಲ್ಲುವುದು ಎರಡು ಸ್ಟೇಷನ್‌ಗಳ ನಡುವಿನ ತಿರುವಿನಲ್ಲೋ ಸೇತುವೆ ಪಕ್ಕದಲ್ಲೋ. ಅಲ್ಲಿಗೆ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಯಾವ ಬೋರ್ಡಿನಲ್ಲೂ ಬರೆದಿರುವುದಿಲ್ಲ. ಅದನ್ನು ಹಿಡಿಯಲು ನಾಲ್ಕು ದಾರಿ ಬಳಸಿ ನೋಡಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಸಿಗ್ನಲ್‌ಗೆ.

ವೇಳಾಪಟ್ಟಿಯಿಂದ ಶುರು ಮಾಡೋಣ. ರೈಲು ಒಂದು ಸ್ಟೇಷನ್ 10:12ಕ್ಕೆ ಬಿಡುತ್ತದೆ, ಮುಂದಿನದನ್ನು 10:36ಕ್ಕೆ ಸೇರುತ್ತದೆ, ನಾವು ನಟ್ಟನಡುವೆ ಇದ್ದೇವೆ ಎಂದುಕೊಳ್ಳಿ. 10:24 ಎಂದು ಲೆಕ್ಕ ಹಾಕಿದರೆ ಕೆಲವು ಸಲ ರೈಲಿನ ಬಾಲವೂ ಸಿಗುವುದಿಲ್ಲ. ದೊಡ್ಡ ಸ್ಟೇಷನ್ ಅಥವಾ ಕೊನೆಯ ಸ್ಟೇಷನ್‌ಗೆ ಮುಂಚಿನ ಓಟಕ್ಕೆ ಒಂದಷ್ಟು ನಿಮಿಷ ಜಾಸ್ತಿ ಸೇರಿಸಿರುತ್ತಾರೆ, ತಡವಾಗಿದ್ದರೆ ಸರಿದೂಗಲಿ ಅಂತ. ಆ ನಿಮಿಷಗಳನ್ನೂ ಓಟವೆಂದು ನಂಬಿದರೆ ಲೆಕ್ಕ ತಪ್ಪುತ್ತದೆ. ಇದಕ್ಕೊಂದು ಉಪಾಯವಿದೆ. ಅದೇ ರೈಲಿನ ವಾಪಸು ಪ್ರಯಾಣದಲ್ಲಿ ಅದೇ ಎರಡು ಸ್ಟೇಷನ್‌ಗಳ ನಡುವೆ ಎಷ್ಟು ಹೊತ್ತು ಕೊಟ್ಟಿದ್ದಾರೆ ನೋಡಿ. ಆಗ ಅದು ಓಟದ ಶುರು, ಆ ಹೆಚ್ಚಿನ ನಿಮಿಷಗಳು ಸಾಮಾನ್ಯವಾಗಿ ಇರುವುದಿಲ್ಲ. ಆ ಕಡೆಯಿಂದ 15 ನಿಮಿಷ ಇದ್ದರೆ ನಿಜವಾದ ಓಟ ಹೆಚ್ಚುಕಡಿಮೆ ಅಷ್ಟೇ. ಗೂಡ್ಸ್ ಮಾತ್ರ ಪ್ರಯಾಣಿಕರ ವೇಳಾಪಟ್ಟಿಯಲ್ಲಿ ಇರುವುದೇ ಇಲ್ಲ.

ಲೈವ್ ಆ್ಯಪ್‌ಗಳಿಗೆ ಸಿಗುವ ಹೊಗಳಿಕೆ ಸ್ವಲ್ಪ ಜಾಸ್ತಿಯಾಯಿತು ಅನ್ನಿಸುತ್ತದೆ. ನಕ್ಷೆಯ ಮೇಲೆ ಚುಕ್ಕಿ ನಯವಾಗಿ ಜಾರುತ್ತಿರುತ್ತದೆ. ಆದರೆ ಎಷ್ಟೋ ಕಡೆ ಅದು ಹಿಂದಿನ ಸ್ಟೇಷನ್ ದಾಟಿದ ಹೊತ್ತಿನಿಂದ ಕಟ್ಟಿದ ಅಂದಾಜು ಅಷ್ಟೇ. ನಾನು ಚುಕ್ಕಿಯನ್ನು ನೋಡುವುದೇ ಇಲ್ಲ. ಹಿಂದಿನ ಸ್ಟೇಷನ್ ಎಷ್ಟಕ್ಕೆ ಬಿಟ್ಟಿತು ಎಂಬುದನ್ನು ಮಾತ್ರ ನೋಡಿ ಮುಂದಿನದನ್ನು ನಾನೇ ಲೆಕ್ಕ ಹಾಕುತ್ತೇನೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಒಂದು ಕಿ.ಮೀ.ಗೆ 36 ಸೆಕೆಂಡ್. ನಿಂತು ಹೊರಟ ರೈಲಾದರೆ ವೇಗ ಹಿಡಿಯಲು ಇನ್ನೊಂದೆರಡು ನಿಮಿಷ ಸೇರಿಸಬೇಕು. ಬ್ರಿಟನ್ನಿನ ಲೈವ್ ರೈಲು ಮಾಹಿತಿ ತಾಣವಾದ ರಿಯಲ್‌ಟೈಮ್ ಟ್ರೇನ್ಸ್‌ನಲ್ಲಿ ನಿಲ್ಲದೆ ಹಾದುಹೋಗುವ ಹೊತ್ತು ಸಿಗುತ್ತದೆ, ಗೂಡ್ಸ್ ಕೂಡ ಕಾಣುತ್ತವೆ. ಅಲ್ಲೂ 'ಅಗತ್ಯವಿದ್ದರೆ ಮಾತ್ರ' ಓಡುವ ಗೂಡ್ಸ್ ಬಹಳ. ಪಟ್ಟಿಯಲ್ಲಿದೆ ಎಂದು ಸುಮ್ನೆ ಕಾಯುತ್ತಾ ಕೂರಬೇಡಿ.

ಗೇಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಿಗ್ನಲ್ ಜೊತೆ ಬೆಸೆದ ಗೇಟು ಮುಚ್ಚದೆ ರೈಲಿಗೆ ಸಿಗ್ನಲ್ ಬೀಳುವುದಿಲ್ಲ, ಅಂದರೆ ಮುಂದೆ ಹೋಗಲು ಅನುಮತಿ ಸಿಗುವುದಿಲ್ಲ, ಹಾಗಾಗಿ ಬಹಳ ಮುಂಚೆಯೇ ಮುಚ್ಚುತ್ತದೆ. ಯಾವ ಕಡೆಯಿಂದ ಬರುತ್ತದೆ ಎಂದೂ ಹೇಳುವುದಿಲ್ಲ. ರಸ್ತೆಯ ಅರ್ಧ ಅಗಲವನ್ನಷ್ಟೇ ಮುಚ್ಚುವ, ತಾನಾಗಿ ಬೀಳುವ ಅರ್ಧ ಗೇಟಾದರೆ ರೈಲು ಬರಲು ಉಳಿಯುವುದು ಅರ್ಧ ನಿಮಿಷದಷ್ಟು. ಕ್ಯಾಮೆರಾ ತೆಗೆಯುವಷ್ಟರಲ್ಲಿ ರೈಲು ಹೋಗಿರುತ್ತದೆ.

ಇನ್ನು ಸಿಗ್ನಲ್. ಎರಡು ಸ್ಟೇಷನ್‌ಗಳ ನಡುವೆ ಒಂದು ಸಲಕ್ಕೆ ಒಂದೇ ರೈಲು ಬಿಡುವ ಮಾರ್ಗದಲ್ಲಿ ಸಿಗ್ನಲ್ ಮಾಮೂಲಿಯಾಗಿ ಕೆಂಪೇ. ಬಣ್ಣ ಬದಲಾಯಿತು ಅಂದರೆ ರೈಲು ಬಂತು ಅಂತಲೇ. ಎರಡೂ ದಿಕ್ಕಿಗೆ ಒಂದೇ ಹಳಿಯಿರುವ ಸಿಂಗಲ್ ಲೈನ್‌ನಲ್ಲಿ ಇದು ಇನ್ನೂ ಚೆನ್ನ. ಸ್ಟೇಷನ್ನಿನಲ್ಲಿ ಪಕ್ಕಕ್ಕೆ ಸರಿದು ನಿಲ್ಲಲು ಇರುವ ಲೂಪ್ ಲೈನ್‌ನಲ್ಲಿ ಒಂದು ರೈಲು ಬಂದು ಸುಮ್ಮನೆ ನಿಂತಿದೆ, ಯಾರೂ ಇಳಿಯುತ್ತಿಲ್ಲ. ಎದುರಿನಿಂದಲೋ ಹಿಂದಿನಿಂದಲೋ ಇನ್ನೊಂದು ಬರುತ್ತಿದೆ ಎಂದು ಆಗಲೇ ಗೊತ್ತಾಗುತ್ತದೆ. ಪ್ಲಾಟ್‌ಫಾರ್ಮಿನ ತುದಿಯಲ್ಲಿ ಕಿವಿಗೊಟ್ಟರೆ ಹಳಿ ಬದಲಿಸುವ ಪಾಯಿಂಟ್ ಮೋಟರ್ ಗುರ್ರ್ ಎನ್ನುತ್ತದೆ, ಹಳಿಯ ಚೂಪು ತುದಿ ಜರುಗಿ ಠಕ್ಕೆಂದು ಕೂರುತ್ತದೆ. ಸಿಗ್ನಲ್ ಬೀಳುವುದು ಅದಾದ ಮೇಲೇ. ಮೇನ್ ಲೈನ್‌ನಲ್ಲಿ ಒಳಬರುವ ಸಿಗ್ನಲ್ಲೂ ಹೊರಹೋಗುವ ಸಿಗ್ನಲ್ಲೂ ಎರಡೂ ಹಸಿರಾದರೆ ರೈಲು ನಿಲ್ಲದೆ ಹೊಡೆದುಕೊಂಡು ಹೋಗುತ್ತದೆ. ಇಷ್ಟು ಖಚಿತವಾಗಿ ಹೇಳುವ ಆ್ಯಪ್ ನನಗಂತೂ ಸಿಕ್ಕಿಲ್ಲ.

ಆದರೆ ಒಂದರ ಹಿಂದೊಂದು ರೈಲು ಓಡುವ ಆಟೊಮ್ಯಾಟಿಕ್ ಸಿಗ್ನಲ್ ಮಾರ್ಗದಲ್ಲಿ ಕಥೆ ಉಲ್ಟಾ. ಮುಂದೆ ಹಳಿ ಖಾಲಿಯಿದ್ದರೆ ಅಲ್ಲಿ ಹಸಿರೇ ಇರುತ್ತದೆ, ಹಾಗಾಗಿ ಹಸಿರು ಏನನ್ನೂ ಹೇಳುವುದಿಲ್ಲ. ಕೆಂಪಿದ್ದರೆ ಬಹುಮಟ್ಟಿಗೆ ಈಗಷ್ಟೇ ಒಂದು ಹೋಯಿತು ಎಂದರ್ಥ. ಅಂಥ ಕಡೆ ನಾನೂ ಆ್ಯಪನ್ನೇ ನೆಚ್ಚುತ್ತೇನೆ.

ಇನ್ನೊಂದು ತೊಡಕಿದೆ. ಸಿಗ್ನಲ್ಲಿನ ಮುಖ ಇರುವುದು ಬರುವ ರೈಲಿನ ಕಡೆಗೆ. ರೈಲು ಬರುವ ದಿಕ್ಕಿಗೆ ನೋಡುತ್ತಾ ನಿಂತರೆ ನಮಗೆ ಕಾಣುವುದು ಕಂಬದ ಬೆನ್ನು. ಅದಕ್ಕೇ ರೈಲು ಸಿಗ್ನಲ್ ತಲುಪುವ ಮುಂಚಿನ ಜಾಗವನ್ನೇ, ಬೇಲಿಯಿಂದ ಹೊರಗೆ, ಆರಿಸಿಕೊಳ್ಳುತ್ತೇನೆ. ಆಗಾಗ ತಿರುಗಿ ಬಣ್ಣ ನೋಡಿಕೊಂಡರಾಯಿತು.